ಹೂವಿನ ಜಗಲಿಗೆ ಬಂದ ಕರೀ ಕೋಟಿನವನು

ನಾನು ಹಲಸೂರಿಗೆ ಸೊಸೆಯಾಗಿ ಬಂದ ಹೊಸತು. ಯುದ್ಧದ ಕಾಲ. ಒಂದು ಬೆಳಿಗ್ಗೆ ಬೀದಿ ನಲ್ಲಿಯ ಹತ್ತಿರ ಬಿಂದಿಗೆ ಇಟ್ಟುಕೊಂಡು ನಿಂತಿದ್ದೆ. ಮುಂದೆ ನಿಂತಿದ್ದ ಇಬ್ಬರು ಹೆಂಗಸರು ಮೆಲ್ಲಗೆ ಮಾತಾಡಿಕೊಳ್ಳುತ್ತಿದ್ದರು.

"ಬಾವೀಲಿ ಹೆಣ ಸಿಕ್ತು ಕಣೇ."

"ಯಾರ್ದೇ?"

"ಬಂಗಲೆ ಯಜಮಾನಂದು. ಹಿಂದಿನ ಸಾಯಂಕಾಲ ಕರೀ ಕೋಟು ಹಾಕ್ಕೊಂಡೋನು ಒಬ್ಬ ಬಂದು ನಕ್ಕೊಂಡು ಮಾತಾಡಿ ಹೋಗಿದ್ನಂತೆ. ಬೈಲಪ್ಪನ ಸೊಸೆ ಹೇಳಿದ್ಲು."

"ಹೆಂಡ್ತಿ ಗತಿ ಏನೇ ಪಾಪ?"

"ಪಾಪ ಏನು ಬಂತು. ನಂಗೆ ಅವಳ ಮೇಲೇ ಅನುಮಾನ."

ನಾನು ಖಾಲಿ ಬಿಂದಿಗೆ ಎತ್ತಿಕೊಂಡು ಮನೆಗೆ ಓಡಿದೆ. ನಮ್ಮ ಓರಗಿತ್ತಿ ವೆಂಕಟಮ್ಮ ಒಲೆ ಊದುತ್ತಿದ್ದಳು. "ಅಕ್ಕ, ಬಾವಿ ನೀರು ಕುಡೀಬೇಡಿ, ಪೊಲೀಸರು ಬರ್ತಾರೆ" ಎಂದು ಹೇಳಿದೆ. ಅವಳು ಊದುಗೊಳವೆ ಕೆಳಗೆ ಹಾಕಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಅಯ್ಯೋ ಪೆದ್ದೇ, ಅದು ಪುಸ್ತಕದ ಹೆಣ. ಮಧ್ಯಾಹ್ನ ಬಾ ನಂಜೊತೆ, ತೋರಿಸ್ತೀನಿ."

ಆ ಬೈಲಪ್ಪನ ಸೊಸೆಯೇ ರಾಮಲಕ್ಷ್ಮಮ್ಮ. ಅವಳ ಸುದ್ದಿ ನನ್ನ ಕಿವಿಗೆ ಬಿದ್ದದ್ದು ಹೀಗೆ.

ಆಗ ನಮ್ಮ ಬೀದಿಯ ಹೆಂಗಸರೆಲ್ಲ ಮಧ್ಯಾಹ್ನ ಹೂವು ಕಟ್ಟುತ್ತಿದ್ದೆವು. ಈಗ ಇಂದಿರಾನಗರ ಎನ್ನುತ್ತಾರಲ್ಲ, ಅತ್ತ ಕಡೆಯೆಲ್ಲ ಹೊಲ, ತೋಟ. ಅಲ್ಲಿಂದ ಮಲ್ಲಿಗೆ, ಕನಕಾಂಬರ ಬುಟ್ಟಿಗಟ್ಟಲೆ ಬರುತ್ತಿತ್ತು. ಕಟ್ಟಿದ ಹೂವನ್ನು ಸಾಯಂಕಾಲ ಅಜ್ಮತ್ ಸಾಬರು ಸೈಕಲ್ಲಿನಲ್ಲಿ ಬ್ಲ್ಯಾಕ್‌ಪಳ್ಳಿಯ ಮಾರ್ಕೆಟ್ಟಿಗೆ ಒಯ್ಯುತ್ತಿದ್ದರು. ಶಿವಾಜಿನಗರಕ್ಕೆ ಆಗ ಅದೇ ಹೆಸರು.

ರಾಮಲಕ್ಷ್ಮಮ್ಮ ಕೃಷ್ಣರಾಜಪುರದ ಹುಡುಗಿ, ಮಿಡ್ಲ್ ಸ್ಕೂಲು ಮುಗಿಸಿದವಳು. ಗುಜ್ಜಾಗಿ, ದುಂಡಗೆ, ಯಾವಾಗಲೂ ಏನೋ ನೆನೆಸಿಕೊಂಡು ನಗುವ ಮುಖ. ಗಂಡ ವಿಮಾನದ ಕಾರ್ಖಾನೆಯಲ್ಲಿ ಫಿಟ್ಟರು. ಅವನು ಬರುವಾಗ ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಯಿಂದ ಒಂದೊಂದು ಕಾದಂಬರಿ ತರುತ್ತಿದ್ದ. ಅವಳು ಜಗಲಿಯ ಕಂಬಕ್ಕೆ ಒರಗಿ ಓದುತ್ತಿದ್ದಳು, ನಾವು ಕಾಲಿನ ಹೆಬ್ಬೆರಳಿಗೆ ಬಾಳೆನಾರು ಸಿಕ್ಕಿಸಿಕೊಂಡು ಕಟ್ಟುತ್ತಾ ಕೇಳುತ್ತಿದ್ದೆವು. ಓದು ಅಂದರೆ ಬರಿಯ ಓದಲ್ಲ. ಪತ್ತೇದಾರನಿಗೆ ನೆಗಡಿ ಅಂತ ಬರೆದಿದ್ದರೆ ಇವಳೂ ಮೂಗು ಎಳೆಯುತ್ತಿದ್ದಳು. ಬಾಗಿಲು ಕಿರುಗುಟ್ಟಿತು ಅಂದರೆ ಗಂಟಲಲ್ಲೇ ಕಿರುಗುಟ್ಟಿಸುತ್ತಿದ್ದಳು. ಮುಂದಿನ ಪುಟವನ್ನು ತಾನೊಬ್ಬಳೇ ಓದಿಕೊಂಡು ಬಂದವಳಲ್ಲ. "ನಿಮ್ ಜೊತೆ ಹೆದರಿದ್ರೇನೇ ನಂಗೆ ಚೆನ್ನ" ಎನ್ನುತ್ತಿದ್ದಳು.

ಅವಳ ಅತ್ತೆ ದೊಡ್ಡಮುನಿಯಮ್ಮನಿಗೆ ಪುಸ್ತಕ ಕಂಡರೆ ಆಗದು. ಓದುವುದಕ್ಕೆ ಒಂದು ಜೊತೆ ಕೈ ದಂಡ ಅಂತ ಆಕೆಯ ಲೆಕ್ಕ. ಆದರೆ ಕತೆಯ ಆಸೆಗೆ ಬೀದಿಯ ಹೆಂಗಸರೆಲ್ಲ ಅವರ ಜಗಲಿಗೇ ಬಂದು ಕಟ್ಟುವುದರಿಂದ ಕೆಲಸ ಬೇಗ ಸಾಗುತ್ತಿತ್ತು. ಅದಕ್ಕೇ ಒಂದು ಕರಾರಿನ ಮೇಲೆ ಒಪ್ಪಿದ್ದರು: "ಹೂವಿಗೆ ಕುಂದು ಬಂತೋ, ನಿನ್ ಪುಸ್ತಕ ನೀರೊಲೆಗೆ. ಆಮೇಲೆ ಈ ಮನೇಲಿ ಪುಸ್ತಕದ ಮಾತೇ ಇಲ್ಲ." ಹೀಗೆ ಹೇಳಿ ಅವರು ಅಡಿಗೆಮನೆಗೆ ಹೋಗಿ ಕೂರುತ್ತಿದ್ದರು, ಒಂದು ದಿನವೂ ಜಗಲಿಗೆ ಬಂದು ಕೂತವರಲ್ಲ.

ರಾಮಲಕ್ಷ್ಮಮ್ಮನಿಗೆ ಅದು ಹುಡುಗಾಟದ ಮಾತಾಗಿರಲಿಲ್ಲ. "ಓದು ನಿಂತ್ರೆ ನಾನು ಬರೀ ಪಾತ್ರೆ ತೊಳ್ಕೊಂಡು ಬದುಕೋದು ಹೆಂಗೆ ಚಿನ್ನಮ್ಮ" ಎಂದು ಒಮ್ಮೆ ನನ್ನ ಹತ್ತಿರ ಹೇಳಿದ್ದಳು. ಆಗ ಮಾತ್ರ ಅವಳ ಮುಖದಲ್ಲಿ ನಗು ಇರಲಿಲ್ಲ.

ಕುಂದು ಬಂದೇ ಬಂತು. ಬಾವಿಯ ಹೆಣದ ಕತೆ ಬಿಗಿಯಾಗುತ್ತಾ ಹೋದ ಹಾಗೆ ನಮ್ಮ ಕೈಯೂ ಬಿಗಿಯಾಯಿತು. ನಾರು ಎಳೆದ ರಭಸಕ್ಕೆ ಮೊಗ್ಗಿನ ಕತ್ತು ಕತ್ತರಿಸಿಹೋಗುತ್ತಿತ್ತು. ಅಜ್ಮತ್ ಸಾಬರು ಬಂದು ಹಾರ ಎತ್ತಿ ತೋರಿಸಿದರು.

"ಏನಮ್ಮಾ ಇದು, ಹೂವು ಕಟ್ತೀರೋ ಕೋಳಿ ಕುಯ್ತೀರೋ? ಗಿರಾಕಿ ನಂಗೆ ಬೈತಾರೆ."

ಒಳಗಿನಿಂದ ದೊಡ್ಡಮುನಿಯಮ್ಮ ಕೆಮ್ಮಿದರು. ಎಚ್ಚರಿಕೆಯ ಕೆಮ್ಮು.

ರಾಮಲಕ್ಷ್ಮಮ್ಮ ಒಂದು ಉಪಾಯ ಮಾಡಿದಳು. ಗಂಡನಿಗೆ ಹೇಳಿ ಒಂದು ಪ್ರೀತಿಯ ಕತೆಯನ್ನೂ ತರಿಸಿದಳು. ಅದರಲ್ಲಿ ನಳಿನಿ ಅಂತ ಒಬ್ಬ ಮೇಷ್ಟರ ಮಗಳು, ಶೇಖರ ಅಂತ ಒಬ್ಬ ಹುಡುಗ. ಇಬ್ಬರೂ ಯಾವಾಗಲೂ ಜಗಳ ಆಡುವುದು, ಯಾವಾಗಲೂ ಒಬ್ಬರನ್ನೊಬ್ಬರು ಹುಡುಕುವುದು. ಬರೀ ಪ್ರೀತಿ ಓದಿದರೆ ನಾವು ಮೈಮರೆತು ಗಂಟು ಸಡಿಲ ಬಿಡುತ್ತಿದ್ದೆವು. ಅದಕ್ಕೆ ಸ್ವಲ್ಪ ಕೊಲೆ, ಸ್ವಲ್ಪ ಪ್ರೀತಿ, ಮತ್ತೆ ಸ್ವಲ್ಪ ಕೊಲೆ, ಹೀಗೆ ಬೆರೆಸಿ ಓದತೊಡಗಿದಳು. ಗಂಟು ಹದಕ್ಕೆ ಬಂತು. ಸಾಬರ ದೂರು ನಿಂತಿತು.

ಆದರೆ ಕೇಳುವ ನಮಗೆ ಅಕ್ಷರ ಬಾರದು. ಎರಡು ಪುಸ್ತಕದ ಜನ ನಮ್ಮ ತಲೆಯಲ್ಲಿ ಒಂದೇ ಊರಿನವರಾಗಿಬಿಟ್ಟರು. ಬಂಗಲೆಯ ಹೆಂಡತಿ ನಳಿನಿಗೆ ಚಿಕ್ಕಮ್ಮ ಆಗಬೇಕು ಅಂತ ಒಬ್ಬಳು. ನೆಗಡಿಯ ಪತ್ತೇದಾರನಿಗೂ ನಳಿನಿಯ ಮೇಲೆ ಮನಸ್ಸಿದೆ ಅಂತ ಇನ್ನೊಬ್ಬಳು. ನಮ್ಮ ವೆಂಕಟಮ್ಮ ಮಾತ್ರ ಬಾಯಿ ಬಿಡದೆ ಏನೋ ಯೋಚನೆ ಮಾಡುತ್ತಿದ್ದಳು.

ಅಷ್ಟರಲ್ಲಿ ಅಜ್ಮತ್ ಸಾಬರ ಮಗಳು ಫಹ್ಮಿದಾಳ ಮದುವೆ ಬಂತು. ಮದುಮಗಳ ಮುಖದ ಮೇಲೆ ಇಳಿಬಿಡುವ ಹೂವಿನ ಸೆಹ್ರಾ ನಾವೇ ಕಟ್ಟಬೇಕು ಎಂದು ಸಾಬರು ಕೇಳಿಕೊಂಡರು. ಅವತ್ತು ದೊಡ್ಡಮುನಿಯಮ್ಮ ಸೊಸೆಗೆ ಹೇಳಿದರು:

"ಹೆಣ್ಣಿನ ಮದುವೆ ಹೂವು. ಇವತ್ತು ಹೆಣದ ಸುದ್ದಿ ಎತ್ತಕೂಡದು. ಒಂದು ಮೊಗ್ಗು ಉದುರಿದ್ರೂ ನೀರೊಲೆ ಉರೀತಾ ಇದೆ, ನೋಡ್ಕೋ."

ರಾಮಲಕ್ಷ್ಮಮ್ಮ ಕೊಲೆಯ ಪುಸ್ತಕ ಮುಚ್ಚಿಟ್ಟು ಪ್ರೀತಿಯದನ್ನೇ ತೆರೆದಳು. ಸಂಪಿಗೆ ಮರ, ಕೊಳ, ಬೆಳದಿಂಗಳು. ನಮ್ಮ ಕೈ ಬೆಣ್ಣೆಯ ಹಾಗೆ ಓಡುತ್ತಿತ್ತು. ಅವಳು ಓದಿದಳು: ನಳಿನಿ ಕೊಳದ ಮೆಟ್ಟಿಲ ಮೇಲೆ ಒಬ್ಬಳೇ ಕುಳಿತಿದ್ದಳು. ಕಪ್ಪು ಕೋಟು ತೊಟ್ಟ ಶೇಖರ ಸದ್ದಿಲ್ಲದೆ ಅವಳ ಹಿಂದೆ ಬಂದು ನಿಂತ.

"ತಳ್ತಾನೆ ಈಗ" ಅಂದಳು ವೆಂಕಟಮ್ಮ.

ಎಲ್ಲರ ನಾರೂ ಒಟ್ಟಿಗೆ ಬಿಗಿಯಿತು.

"ಏ, ಅವ್ನು ಅವಳನ್ನ ಇಷ್ಟಪಡೋನು ಕಣ್ರೇ" ಅಂದಳು ರಾಮಲಕ್ಷ್ಮಮ್ಮ.

"ಬಂಗಲೆ ಯಜಮಾನನ ಹತ್ರಾನೂ ನಕ್ಕೊಂಡೇ ಮಾತಾಡಿದ್ದ."

"ಅದು ಬೇರೆ ಪುಸ್ತಕ ವೆಂಕಟಮ್ಮಕ್ಕ."

"ಬೇರೆ ಅಂತೆ ಬೇರೆ. ಕೋಟು ಅದೇ ತಾನೆ?"

ಆಮೇಲೆ ಯಾರು ಏನು ಹೇಳಿದರೂ ಪ್ರಯೋಜನವಾಗಲಿಲ್ಲ. ಶೇಖರ ನಳಿನಿಯ ಕಣ್ಣು ಮುಚ್ಚಿದರೆ ಒಬ್ಬಳು ಕಿರುಚಿದಳು, ಕೈ ಹಿಡಿದರೆ ಇನ್ನೊಬ್ಬಳು "ಓಡೇ ಮುಂಡೇದೇ" ಎಂದು ನಳಿನಿಗೆ ಬುದ್ಧಿ ಹೇಳಿದಳು. ನಾನೂ ಉಗುರು ಕಚ್ಚಿಕೊಂಡು ಕೂತಿದ್ದೆ. ಅದೇ ಹೊತ್ತಿಗೆ ಅಜ್ಮತ್ ಸಾಬರು ಬಂದು, ಮಗಳ ಸೆಹ್ರಾ ಅಲ್ಲವೇ, ಆಸೆಯಿಂದ ಎರಡು ಕೈಯಲ್ಲೂ ಎತ್ತಿ ಹಿಡಿದರು. ಮೊಗ್ಗುಗಳು ಬಳಬಳ ಉದುರಿ ಚಾಪೆ ತುಂಬಾ ಹರಡಿದವು.

ದೊಡ್ಡಮುನಿಯಮ್ಮ ಒಳಗಿಂದ ಬಂದು ಸೊಸೆಯ ಮುಂದೆ ಕೈ ಚಾಚಿದರು.

"ಕೊಡೇ ಇತ್ಲಾಗೆ. ಎರಡೂನೂವೆ."

ರಾಮಲಕ್ಷ್ಮಮ್ಮ ಪುಸ್ತಕಗಳನ್ನು ಸೆರಗಿನಲ್ಲಿ ಒರೆಸಿ ಕೊಟ್ಟಳು. ಅತ್ತೆ ತಿರುಗಿ ನೀರೊಲೆಯ ಕಡೆ ಹೊರಟರು. ವೆಂಕಟಮ್ಮನ ಬಾಯಿ ಸುಮ್ಮನಿರಬೇಕಲ್ಲ:

"ಹೋಗ್ಲಿ ಬುಡು. ಆ ಶೇಖರ ಸಿಕ್ಕಾಕ್ಕೊಳ್ದೆ ತಪ್ಪಿಸ್ಕೊಂಡ, ಅದೊಂದೇ ಸಂಕಟ."

ದೊಡ್ಡಮುನಿಯಮ್ಮ ಹೊಸಿಲ ಮೇಲೆ ನಿಂತುಬಿಟ್ಟರು. ತಿರುಗಿದರು.

"ಏನಂದೆ? ಶೇಖರ ಕೊಂದ್ನಾ? ಅವ್ನು ಮೈಸೂರು ಬಿಟ್ಟು ಎಲ್ಲಿಗೆ ಹೋದ್ನೇ? ಬಾವಿ ಇರೋದು ಘಟ್ಟದ ಕೆಳಗೆ. ಅವ್ನ ಕೋಟು ಅವರಪ್ಪಂದು, ತೋಳು ಉದ್ದ ಅಂತ ಮಡಚ್ಕೊಂಡಿದಾನೆ, ಮೊನ್ನೆ ಓದ್ಲಿಲ್ವಾ? ಬಾವಿ ಹತ್ರ ಸಿಕ್ಕಿದ್ದು ಗುಂಡಿ ಕಿತ್ತೋಗಿರೋ ಕೋಟು. ಕಿವಿ ಎಲ್ಲಿಟ್ಟಿದ್ರಿ ನೀವೆಲ್ಲಾ? ಒಳ್ಳೇ ಹುಡುಗನ ಮೇಲೆ ಸುಳ್ಳು ಅಪವಾದ."

ನಾವು ಕಣ್ಣು ಬಾಯಿ ಬಿಟ್ಟುಕೊಂಡು ಕೂತೆವು. ಅಜ್ಮತ್ ಸಾಬರು ಸೆಹ್ರಾ ಕೈಯಲ್ಲೇ ಹಿಡಿದುಕೊಂಡು ಕೇಳಿದರು:

"ಹಂಗಾದ್ರೆ ಕೊಂದಿದ್ದು ಯಾರಮ್ಮಾ?"

"ಅಡಿಗೆಯೋನು. ಮನೆ ಬಾವಿ ಬಿಟ್ಟು ಎಲ್ಲಿಂದಲೋ ನೀರು ಹೊತ್ಕೊಂಡು ಬರ್ತಾನಲ್ಲ, ಆಗ್ಲೇ ನಂಗೆ ಗೊತ್ತಾಯ್ತು."

ಹೇಳಿ ಮುಗಿಸಿದ ಮೇಲೆ ಆಕೆಗೆ ತಾನು ಏನು ಹೇಳಿಬಿಟ್ಟೆ ಅನ್ನುವುದು ಹೊಳೆಯಿತು. ಕೈಯಲ್ಲಿದ್ದ ಪುಸ್ತಕ ನೋಡಿಕೊಂಡರು. ಮೊದಲು ನಕ್ಕವರು ಸಾಬರು. ಆಮೇಲೆ ಜಗಲಿಯೇ ನಕ್ಕಿತು.

"ಅತ್ತೆ, ಒಲೆ ಮುಂದೆ ಕೂತ್ರೆ ಅಷ್ಟು ಚೆನ್ನಾಗಿ ಕೇಳಿಸ್ತದಾ?" ಎಂದು ರಾಮಲಕ್ಷ್ಮಮ್ಮ ಮೆಲ್ಲಗೆ ಕೇಳಿದಳು.

"ಊರಿಗೆಲ್ಲ ಕೇಳೋ ಹಂಗೆ ಅರಚ್ತೀಯ, ಕಿವಿಗೆ ಹತ್ತಿ ತುರುಕ್ಕೊಳ್ಳಾ?" ಎಂದು ಪುಸ್ತಕಗಳನ್ನು ಸೊಸೆಯ ಮಡಿಲಿಗೆ ಹಾಕಿದರು. "ಓದು. ಮೊದ್ಲು ಆ ಹುಡುಗೀನ ಕೊಳದ ಹತ್ರದಿಂದ ಎಬ್ಬಿಸು, ಇವರ ಕೈ ನೆಟ್ಟಗಾಗ್ಲಿ."

ಸಾಬರು ಸೈಕಲ್ ಹತ್ತಿ ಇನ್ನೊಂದು ಬುಟ್ಟಿ ಮೊಗ್ಗು ತಂದರು. ದೊಡ್ಡಮುನಿಯಮ್ಮನೂ ಕೂತು ನಾರು ಹಿಡಿದರು, ಯಾವ ಜನ ಯಾವ ಪುಸ್ತಕದವರು ಅಂತ ನಡುನಡುವೆ ನಮ್ಮನ್ನು ತಿದ್ದುತ್ತಾ. ಶೇಖರ ಜಗಳ ಆಡಿದ್ದಕ್ಕೆ ತಪ್ಪೊಪ್ಪಿಕೊಂಡು ನಳಿನಿ ನಕ್ಕಾಗ ಸೆಹ್ರಾ ಮುಗಿಯಿತು. ಅಷ್ಟು ಅಚ್ಚುಕಟ್ಟಾದ ಕೆಲಸ ನಾವು ಮತ್ತೆ ಮಾಡಲಿಲ್ಲ.

ಮದುವೆಯಾದ ಮೇಲೆ ಮಿಠಾಯಿ ತಂದ ಸಾಬರು ಸೈಕಲ್ಲಿನಿಂದ ಇಳಿಯುವ ಮೊದಲೇ ಕೇಳಿದ್ದು, ಅಡಿಗೆಯವನು ಸಿಕ್ಕಿದನೇ ಅಂತ. ಕೊಂದವನು ಅಡಿಗೆಯವನಲ್ಲ, ತಮ್ಮ. ಬಂಗಲೆ ಯಜಮಾನನ ಸ್ವಂತ ತಮ್ಮ. ದೊಡ್ಡಮುನಿಯಮ್ಮ ಸೋಲಲಿಲ್ಲ. "ಬರೆದೋನಿಗೆ ಏನ್ ಗೊತ್ತು" ಎಂದರು.

ನೀರೊಲೆಯ ಮಾತು ಮತ್ತೆ ಬರಲಿಲ್ಲ. ಎಷ್ಟೋ ಪುಸ್ತಕ ಆ ಜಗಲಿಯಲ್ಲಿ ಮುಗಿದವು. ನಾನು ರಾಮಲಕ್ಷ್ಮಮ್ಮನ ಪಕ್ಕ ಕೂತು, ಅವಳ ಬೆರಳು ಹೋದ ಕಡೆ ಕಣ್ಣು ಹಾಯಿಸುತ್ತಾ, ಕೂಡಿಸಿ ಕೂಡಿಸಿ ಓದುವುದನ್ನು ಕಲಿತೆ. ಒತ್ತಕ್ಷರ ಬಂದರೆ ಎಡವುತ್ತಿದ್ದೆ. ಅವಳು ಕಾಯುತ್ತಿದ್ದಳು, ನಗುತ್ತಿರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಅವಳ ಗಂಡನಿಗೆ ಭದ್ರಾವತಿಯಲ್ಲಿ ಕೆಲಸ ಸಿಕ್ಕಿತು. ದೊಡ್ಡಮುನಿಯಮ್ಮ ಹಲಸೂರು ಬಿಟ್ಟು ಬರುವುದಿಲ್ಲ ಎಂದು ಹಿರಿಮಗನ ಜೊತೆ ಉಳಿದರು. ಹೊರಡುವ ಬೆಳಿಗ್ಗೆ ಅತ್ತೆ ಬಾಗಿಲಿಗೂ ಬರಲಿಲ್ಲ, ಒಳಗೆ ಪಾತ್ರೆ ಕುಕ್ಕುವ ಸದ್ದು ಮಾತ್ರ ಕೇಳಿಸುತ್ತಿತ್ತು. ಜಟಕಾದಲ್ಲಿ ಕೂತ ರಾಮಲಕ್ಷ್ಮಮ್ಮ ಬಗ್ಗಿ ನನ್ನ ಕೈ ಹಿಡಿದುಕೊಂಡಳು.

"ಚಿನ್ನಮ್ಮ, ಮಧ್ಯಾಹ್ನ ಬಂದು ನಮ್ಮತ್ತೆಗೆ ಓದು. ಬೇಡ ಅಂತಾರೆ, ಬೈತಾರೆ, ನೀನು ಎದ್ದು ಹೋಗ್ಬೇಡ. ಎಡವಿದ್ರೂ ಪರವಾಗಿಲ್ಲ, ಜೋರಾಗಿ ಓದು. ಪ್ರೀತಿ ಗೀತಿ ಅಂತ ತರ್ಬೇಡ, ಅವರಿಗೆ ಕೊಲೆ ಇರ್ಬೇಕು."