ಗುರುಮಲ್ಲಮ್ಮನ ಬೈಗುಳವೂ ಅಧ್ಯಕ್ಷರ ರೆಪ್ಪೆಯೂ

ಕುದೇರಿನ ಗುರುಮಲ್ಲಮ್ಮನದು ಸುತ್ತಲ ಊರಿಗೆಲ್ಲ ಕೆಟ್ಟ ಬಾಯಿ ಎಂದು ಉಮ್ಮತ್ತೂರಿನ ಪುಟ್ಟಮಲ್ಲಪ್ಪನವರು ಬಹಳ ವರ್ಷ ನಂಬಿದ್ದರು. ನಂಬದೆ ಏನು ಮಾಡಿಯಾರು? ರಸ್ತೆ ಬದಿಯ ಆಕೆಯ ಜಗಲಿಯ ಮುಂದೆ ಬೈಕಿನಲ್ಲಿ ಹಾದುಹೋಗುವಾಗಲೆಲ್ಲ ಕಂಡ ನೋಟ ಒಂದೇ. ಇಸ್ತ್ರಿ ಷರಟಿನ ಗಂಡಸೊಬ್ಬ ಕತ್ತು ಹಿಂದಕ್ಕೆ ಚೆಲ್ಲಿ ಕೂತಿರುತ್ತಿದ್ದ. ಕೂಲಿಗೆ ಹೋಗುವ ಮುದುಕಿಯೊಬ್ಬಳು ಅವನ ಮುಖದ ಮೇಲೇ ಬಗ್ಗಿ ವಾಚಾಮಗೋಚರ ಬೈಯುತ್ತಿದ್ದಳು. ಬೈಸಿಕೊಂಡವನು ಕೊನೆಗೆ ಕೈಮುಗಿದು ಎದ್ದು ಹೋಗುತ್ತಿದ್ದ. ಕಾಲ ಕೆಟ್ಟಿತು ಎಂದುಕೊಂಡು ಪುಟ್ಟಮಲ್ಲಪ್ಪನವರು ಹಾರ್ನ್ ಹೊಡೆದು ಮುಂದೆ ಸಾಗುತ್ತಿದ್ದರು. ಬೈಕಿನ ಮುಂದೆ ಕೆಂಪಕ್ಷರದಲ್ಲಿ ‘ಅಧ್ಯಕ್ಷರು’ ಎಂದು ಬರೆಸಿಕೊಂಡವರು ಇಂಥದ್ದಕ್ಕೆಲ್ಲ ನಿಲ್ಲಬಾರದು.

ಆ ಬೆಳಿಗ್ಗೆ ನಿಲ್ಲಬೇಕಾಯಿತು. ಹುರುಳಿ ಒಕ್ಕಣೆಯ ಕಾಲ. ಓಡಾಡುವ ಗಾಡಿಗಳೇ ತುಳಿದುಕೊಡಲಿ ಎಂದು ರೈತರು ಡಾಂಬರಿನ ಮೇಲೆ ಹುರುಳಿ ಗಿಡ ಹರಡಿದ್ದರು. ಮುಂದೆ ಹೋಗುತ್ತಿದ್ದ ಬಸ್ಸು ಅದರ ಮೇಲೆ ಹಾದದ್ದೇ ತಡ, ಎದ್ದ ಹೊಟ್ಟು ಅಷ್ಟೂ ಪುಟ್ಟಮಲ್ಲಪ್ಪನವರ ಮುಖಕ್ಕೆ ಬಡಿಯಿತು. ಒಂದು ಚೂರು ಬಲಗಣ್ಣಿನೊಳಗೆ ಸೇರಿಕೊಂಡಿತು. ಗಾಡಿ ಪಕ್ಕಕ್ಕೆ ನಿಂತಿತು. ಹಿಂದೆ ಕೂತಿದ್ದವಳು ಮಗಳು ಕಾವ್ಯಶ್ರೀ, ಚಾಮರಾಜನಗರದಲ್ಲಿ ನರ್ಸಿಂಗ್ ಓದುತ್ತಿದ್ದವಳು. ಹತ್ತು ಗಂಟೆಗೆ ಅವಳಿಗೆ ಪ್ರಾಕ್ಟಿಕಲ್ ಪರೀಕ್ಷೆ. ತಡವಾದವರನ್ನು ಒಳಗೆ ಬಿಡುವುದಿಲ್ಲ, ತಪ್ಪಿದರೆ ವರ್ಷವೇ ಹೋಯಿತು. ಹೊಟ್ಟು ಎಬ್ಬಿಸಿದ ಬಸ್ಸು ಆಗಲೇ ಕಣ್ಮರೆ. ಗೇರಿನ ಬೈಕು ಮಗಳಿಗೆ ಬಾರದು; ಹೆಣ್ಣುಮಕ್ಕಳಿಗೆ ಅದೆಲ್ಲ ಯಾಕೆ ಎಂದು ಕಲಿಸದೆ ಬಿಟ್ಟವರು ಅಪ್ಪನೇ.

“ಕಣ್ ಬುಡಿ ಅಪ್ಪಾಜಿ, ನಾನು ತೆಗೀತೀನಿ.”

“ಬುಟ್ಟೇ ಇವ್ನಿ ಕಣಮ್ಮಿ.”

“ಎಲ್ಲಿ? ಗಟ್ಟಿಯಾಗಿ ಮುಚ್ಕೊಂಡಿದ್ದೀರಲ್ಲ!”

“ನಾನೆಲ್ಲಿ ಮುಚ್ಚುದೆ? ಅದೇ ಮುಚ್ಕತದೆ.”

“ಅದು ರಿಫ್ಲೆಕ್ಸು. ಕಣ್ಣತ್ರ ಏನಾದ್ರೂ ಬಂದ್ರೆ ರೆಪ್ಪೆ ತಾನಾಗೇ ಮುಚ್ಕೊಳ್ತದೆ. ನೀವು ಹೇಳುದ್ರೆ ಕೇಳಲ್ಲ.”

ಪುಟ್ಟಮಲ್ಲಪ್ಪನವರಿಗೆ ಇದು ಹೊಸದು. ರಿಫ್ಲೆಕ್ಸ್ ಎಂದರೆ ಟಿವಿಯಲ್ಲಿ ಕ್ರಿಕೆಟ್ ವರದಿ ಹೇಳುವವರು ಒಳ್ಳೆಯ ಕ್ಯಾಚಿಗೆ ಕೊಡುವ ಬಿರುದು ಎಂದೇ ಅವರು ತಿಳಿದಿದ್ದರು. ಅಡ್ಡ ಬಂದ ನಾಯಿಗೆ ಬ್ರೇಕು ಹಾಕಿ, “ನಂದು ಒಳ್ಳೆ ರಿಫ್ಲೆಕ್ಸು” ಎಂದು ಹೋಟೆಲಿನಲ್ಲಿ ಹೇಳಿಕೊಂಡದ್ದೂ ಉಂಟು.

“ಹಸುಗೂಸಿಗೂ ಇರ್ತದೆ ಅಪ್ಪಾಜಿ, ಅದ್ರಲ್ಲೇನೂ ಹೆಚ್ಚುಗಾರಿಕೆ ಇಲ್ಲ,” ಎಂದಳು ಮಗಳು, ಗಡಿಯಾರ ನೋಡುತ್ತ. ಅವಳ ದನಿ ಅಳುವಿಗೆ ಹತ್ತಿರವಾಗಿತ್ತು.

ಹುರುಳಿ ಮಗುಚುತ್ತಿದ್ದ ಬೆಟ್ಟಯ್ಯ ಅಲ್ಲಿಂದಲೇ ಕೂಗಿದ: “ಅಗಾ, ಗುರುಮಲ್ಲಮ್ಮನ ಜಗುಲಿ. ಓಗಿ ತೆಗುಸ್ಕಳಿ. ವಸಿ ಬೈತದೆ, ತಡ್ಕಬೇಕು.”

ವಿಷಯ ಇಷ್ಟು. ಕಣ್ಣಿಗೆ ಬಿದ್ದ ಹೊಟ್ಟು, ಧೂಳು, ಹುಳು ತೆಗೆಯುವುದರಲ್ಲಿ ಗುರುಮಲ್ಲಮ್ಮನದು ಎತ್ತಿದ ಕೈ. ಹೊಸದರಲ್ಲಿ ಎಲ್ಲರನ್ನೂ ರಮಿಸಿಯೇ ನೋಡಿದ್ದರಂತೆ. ಕೈ ಹತ್ತಿರ ತಂದೊಡನೆ ಎಂಥ ಧೈರ್ಯಸ್ಥನ ರೆಪ್ಪೆಯೂ ಮುಚ್ಚಿಕೊಳ್ಳುತ್ತಿತ್ತು. ಒಂದು ಸಲ ರಾಗಿ ಕಣದಲ್ಲಿ ಸ್ವಂತ ಗಂಡನ ಕಣ್ಣು ಬಿಡಿಸಲಾಗದೆ ರೇಗಿ, ಅವನ ಅಕ್ಕನ ಅಡುಗೆಯ ಬಗ್ಗೆ ಒಂದು ಮಾತು ಆಡಿಬಿಟ್ಟರು. ಗಂಡ ಬೆರಗಾಗಿ ಎರಡು ಕಣ್ಣೂ ಅಗಲಿಸಿದ. ಚೂರು ಹೊರಗೆ ಬಂತು. ಅಂದಿನಿಂದ ಅದೇ ದಾರಿ.

ಯಾರ ಜಂಭ ಯಾವ ಕಡೆ ಮೆತ್ತಗಿದೆ ಎಂಬ ಸಮಾಚಾರ ಕಳೆ ಕೀಳುವ ಸಾಲಿನಲ್ಲಿ ಹೇಗೂ ಸಿಗುತ್ತದೆ. ಇನ್ನೊಬ್ಬರಾಗಿದ್ದರೆ ಅದನ್ನಿಟ್ಟುಕೊಂಡು ಹೋಬಳಿಯನ್ನೇ ಆಳಿಬಿಡುತ್ತಿದ್ದರು. ಗುರುಮಲ್ಲಮ್ಮ ಹೊಟ್ಟು ತೆಗೆಯಲು ಮಾತ್ರ ಬಳಸಿದರು. ಜಗಲಿಯಲ್ಲಿ ಆಡಿದ್ದನ್ನು ಮತ್ತೆ ಎಲ್ಲೂ ಆಡಿದವರಲ್ಲ. ಮಕ್ಕಳಿಗೆ ಬೈಗುಳವಿಲ್ಲ, ಬೇಲಿಯ ಮೇಲೆ ಇಲ್ಲದ ನವಿಲನ್ನು ತೋರಿಸುವುದಷ್ಟೇ. ಕ್ವಾರಿಯವರು ಕಣ್ಣಿಗೆ ಕಲ್ಲು, ಕಬ್ಬಿಣದ ಚೂರು ಸಿಡಿಸಿಕೊಂಡು ಬಂದರೆ ಮುಟ್ಟದೆ, ತಾವೇ ಕೈಹಿಡಿದು ಆಸ್ಪತ್ರೆಯ ಬಸ್ಸು ಹತ್ತಿಸುತ್ತಾರೆ. ಬೈಗುಳ ಸೋತದ್ದು ಗುಂಡ್ಲುಪೇಟೆಯಿಂದ ತರಕಾರಿ ತುಂಬಿಕೊಳ್ಳಲು ಬಂದಿದ್ದ ಮಲಯಾಳಿ ಡ್ರೈವರನ ಮುಂದೆ ಮಾತ್ರ. ಅವನಿಗೆ ಕನ್ನಡವೇ ತಿಳಿಯದು, ಬೈಸಿಕೊಂಡಷ್ಟೂ ನಗುತ್ತಿದ್ದ. ಕೊನೆಗೆ ಅವನ ಲಾರಿಯ ಕೀಲಿಕೈಯನ್ನು ಬಾವಿಗೆ ಎಸೆಯುವಂತೆ ನಟಿಸಬೇಕಾಯಿತು.

ಮಗಳು ಕೈಹಿಡಿದು ತಂದು ಕೂರಿಸಿದ ಪುಟ್ಟಮಲ್ಲಪ್ಪನವರನ್ನು ಗುರುಮಲ್ಲಮ್ಮ ನೋಡಿದರು. ಸೋಪು ಹಚ್ಚಿ ಕೈ ತೊಳೆದರು.

“ಕಲ್ಲಾ, ಕಬ್ಬುಣವಾ?”

“ಹುರುಳಿ ಹೊಟ್ಟು ಅಜ್ಜಿ. ಬೇಗ ತೆಗೀರಿ, ನಂಗೆ ಪರೀಕ್ಷೆ,” ಎಂದಳು ಕಾವ್ಯಶ್ರೀ.

“ಅಂಗಾರ ತಲೆ ಎತ್ತಿ ಸ್ವಾಮಿ. ಯಾವೂರು?”

“ಉಮ್ಮತ್ತೂರು. ಅಧ್ಯಕ್ಷರು,” ಎಂದರು ಪುಟ್ಟಮಲ್ಲಪ್ಪನವರು, ಕಣ್ಣು ಮುಚ್ಚಿಕೊಂಡೇ, ಗಾಂಭೀರ್ಯ ಬಿಡದೆ.

ಗುರುಮಲ್ಲಮ್ಮ ಒದ್ದೆ ಬಟ್ಟೆಯ ತುದಿಯನ್ನು ಹೊಸೆದು ಹಿಡಿದು ಮುಖದ ಮೇಲೆ ಬಗ್ಗಿದರು.

“ಏನ್ಲಾ ಅಂದೆ? ಅಧ್ಯಕ್ಷನಾ? ಗೆದ್ದದ್ದು ನಾಗರತ್ನಮ್ಮ, ಸೈನ್ ಆಕಿದ್ದು ನಾಗರತ್ನಮ್ಮ. ನೀನು ಆ ತಾಯಿ ವ್ಯಾನಿಟಿ ಬ್ಯಾಗ್ ಇಡ್ಕಂಡು ಪಂಚಾಯ್ತಿ ಬಾಗ್ಲಲ್ಲಿ ಕುಂತಿದ್ದೋನಲ್ವಾ!”

ಮಹಿಳಾ ಮೀಸಲಾತಿಯಲ್ಲಿ ಹೆಂಡತಿ ಗೆದ್ದು, ಅವಧಿ ಮುಗಿಸಿ, ಹಸು ಕಟ್ಟಿಕೊಂಡು ನೆಮ್ಮದಿಯಾಗಿದ್ದರೂ ಬೈಕಿನ ಮೇಲಿನ ಅಕ್ಷರ ಅಳಿಸಿರಲಿಲ್ಲ. ಇದನ್ನು ಮುಖದೆದುರು ಯಾರೂ ಆಡಿರಲಿಲ್ಲ. ಪುಟ್ಟಮಲ್ಲಪ್ಪನವರ ಎರಡೂ ಕಣ್ಣು ನಿಂಬೆಹಣ್ಣಿನಷ್ಟು ದಪ್ಪಗಾದವು. ರೆಪ್ಪೆಗೆ ತನ್ನ ಕಸುಬೇ ಮರೆತುಹೋಯಿತು. ಬಟ್ಟೆಯ ತುದಿ ಹೋಗಿ ಬಂದದ್ದು ಅವರಿಗೆ ತಿಳಿಯಲೂ ಇಲ್ಲ.

“ಬಂತು ಬುಡಿ ಸ್ವಾಮಿ,” ಎಂದು ಗುರುಮಲ್ಲಮ್ಮ ಮತ್ತೆ ಬಹುವಚನಕ್ಕೆ ಮರಳಿ, ತುದಿಗಂಟಿದ ಚೂರನ್ನು ತೋರಿಸಿದರು. ಕಾವ್ಯಶ್ರೀ ಬೇಲಿಯ ಕಡೆ ತಿರುಗಿ ನಿಂತಿದ್ದಳು. ಅವಳ ಹೆಗಲು ಅಲುಗುತ್ತಿದ್ದವು.

ಪುಟ್ಟಮಲ್ಲಪ್ಪನವರು ಕಣ್ಣಿಗೆ ನೀರು ಚಿಮುಕಿಸಿಕೊಂಡರು, ಕೈಮುಗಿದರು, ಬೈಕು ಸ್ಟಾರ್ಟ್ ಮಾಡಿದರು. ರಸ್ತೆ ನಿಚ್ಚಳವಾಗಿ ಕಾಣುತ್ತಿತ್ತು, ಹೊತ್ತೂ ಇನ್ನೂ ಸ್ವಲ್ಪ ಉಳಿದಿತ್ತು. ಆದರೂ ಮನಸ್ಸು ತಡೆಯಲಿಲ್ಲ. ಮಗಳನ್ನು ಬೈಕಿನ ಮೇಲೇ ಬಿಟ್ಟು ಇಳಿದು ಬಂದು ಮೆಲ್ಲಗೆ ಕೇಳಿದರು:

“ಅಲ್ಲ ಕಣಮ್ಮ, ಆ ಬ್ಯಾಗಿನ ಮಾತು... ಕಣ್ ಬುಡುಸಕ್ಕೆ ಸುಮ್ಕೆ ಅಂದದ್ದು ತಾನೆ?”

“ಸುಳ್ಳಾಗಿದ್ರೆ ನಿಮ್ ಕಣ್ಣು ಅಷ್ಟಗ್ಲ ಆಯ್ತಿತ್ತಾ? ಓಗಿ, ಮಗಿಗೆ ಹೊತ್ತಾಯ್ತದೆ.”