ಅಕ್ಕ ಬರೆದದ್ದನ್ನು ನಾನು ಓದಿ ಹೇಳಿದ ಶನಿವಾರ

ಕನ್ನಡ ಓದಲು ಬರುತ್ತದೆ ಎಂಬ ಒಂದೇ ಕಾರಣಕ್ಕೆ ಹಿಂದೂಪುರದ ಆ ಆಫೀಸಿನಲ್ಲಿ ನನಗೂ ಅಕ್ಕನಿಗೂ ಕೆಲಸ ಸಿಕ್ಕಿತು. ಹಿಂದೂಪುರದಲ್ಲಿ ಕನ್ನಡ ಮಾತಾಡುವವರಿಗೇನೂ ಕೊರತೆಯಿಲ್ಲ. ಬಸ್ಸಿನಲ್ಲಿ, ಸಂತೆಯಲ್ಲಿ, ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಅರ್ಧ ಮಾತು ಕನ್ನಡವೇ. ಆದರೆ ಹೆಚ್ಚಿನವರು ಶಾಲೆಯಲ್ಲಿ ಓದಿದ್ದು ತೆಲುಗು. ನಮ್ಮ ಮನೆ ಕಲ್ಯಾಣದುರ್ಗದಲ್ಲಿ. ಅಪ್ಪ ಹೋದ ಮೇಲೆ ಅಮ್ಮ ನಮ್ಮಿಬ್ಬರನ್ನೂ ಪಾವಗಡದ ಹತ್ತಿರ ಅಜ್ಜಿಯ ಮನೆಯಲ್ಲಿ ಬಿಟ್ಟಿದ್ದಳು. ಏಳನೆಯ ತರಗತಿಯವರೆಗೆ ಅಲ್ಲಿನ ಕನ್ನಡ ಶಾಲೆಯಲ್ಲೇ ಓದಿದೆವು. ಅಕ್ಕ ಆಮೇಲೆ ಡಿಗ್ರಿ ಮುಗಿಸಿದಳು, ನಾನು ಇಂಟರ್‌ಗೆ, ಎಂದರೆ ಪಿಯುಸಿಗೆ, ನಿಲ್ಲಿಸಿದೆ. ಅವಳು ನನಗಿಂತ ಆರು ವರ್ಷ ದೊಡ್ಡವಳು. ಅವಳು ತೀರಿಕೊಂಡ ವಯಸ್ಸನ್ನು ನಾನು ಈಗ ದಾಟಿದ್ದೇನೆ.

ಅದು ಎರಡು ಸಾವಿರದ ಎಂಟನೆಯ ಇಸವಿ. ಬಿತ್ತನೆ ಬೀಜದ ಅಂಗಡಿಯ ಮೇಲೆ ಎರಡು ಕೋಣೆ, ಎಂಟು ಕಂಪ್ಯೂಟರ್, ನಾಲ್ವರು ಗಂಡಸರು, ನಾಲ್ವರು ಹೆಂಗಸರು. ಬೆಂಗಳೂರಿನ ಒಂದು ಕಂಪನಿಗೆ ನಾವು ಕೆಲಸ ಮಾಡಿಕೊಡುತ್ತಿದ್ದೆವು. ಇಂಟರ್ನೆಟ್‌ನಲ್ಲಿ ಸ್ವಂತ ಪುಟ ಮಾಡಿಕೊಂಡು ಅಡುಗೆ, ಪ್ರವಾಸ, ಮಕ್ಕಳ ಆರೈಕೆ ಎಂದು ಬರೆಯುವವರು ಆಗ ಹೆಚ್ಚುತ್ತಿದ್ದರು. ಬ್ಲಾಗ್ ಎನ್ನುತ್ತಿದ್ದರು ಅದನ್ನು. ಅಂಥ ಪುಟಗಳನ್ನು ಓದಿ, ಯಾವುದರಲ್ಲಿ ಏನಿದೆ ಎಂದು ಒಂದು ಸಾಲು ಬರೆಯುವುದು ನಮ್ಮ ಕೆಲಸ. ಅದನ್ನು ನೋಡಿ ಅಡುಗೆಯ ಪುಟಕ್ಕೆ ಕುಕ್ಕರ್ ಕಂಪನಿ, ಮಕ್ಕಳ ಪುಟಕ್ಕೆ ಸೋಪಿನ ಕಂಪನಿ ಎಂದು ಜೋಡಿಸುತ್ತಿದ್ದರು. ಆಮೇಲೆ ಪುಟದವರಿಗೆ ನಾವು ಪತ್ರ ಕಳಿಸಬೇಕು, ನಿಮ್ಮಲ್ಲಿ ಜಾಹೀರಾತಿಗೆ ಜಾಗ ಕೊಡುತ್ತೀರಾ ಎಂದು. ಯಾವ ಜಾಹೀರಾತಿಗೂ ಆಗದ ಪುಟವಾದರೆ ಅದರ ಮುಂದೆ ‘ಬೇಡ’ ಎಂದು ಹಾಕಬೇಕು.

ತೆಲುಗು ಪುಟಗಳನ್ನು ಎಲ್ಲರೂ ನೋಡುತ್ತಿದ್ದರು. ಕನ್ನಡದವು ಬಂದರೆ ನಮ್ಮಿಬ್ಬರಿಗೆ, ಅದೂ ನಮ್ಮ ತೆಲುಗಿನ ಪಾಲು ಮುಗಿಸಿದ ಮೇಲೆ. ಅಷ್ಟಾದರೂ ಹುಡುಗರಿಗೆ ನಮಗಿಂತ ಒಂದೂವರೆ ಪಟ್ಟು ಸಂಬಳ. ಅವರಲ್ಲಿ ಒಬ್ಬನಿಗೆ ಮೌಸ್ ಹಿಡಿಯುವುದರಿಂದ ಹಿಡಿದು ಎಲ್ಲವನ್ನೂ ಅಕ್ಕನೇ ಕಲಿಸಿದ್ದಳು. ಅವಳು ಒಮ್ಮೆ ಆಫೀಸಿನ ಯಜಮಾನರನ್ನು ಕೇಳಿದ್ದುಂಟು. ಅವರು ನಕ್ಕು, “ಅವ್ರು ಸಂಸಾರ ನಡೆಸಬೇಕಲ್ಲಮ್ಮಾ ಪೆದ್ದಮ್ಮಾಯೀ. ನೀವಿಬ್ರೂ ಒಂದೇ ಪಾತ್ರೆಲಿ ಉಣ್ಣೋರು,” ಅಂದಿದ್ದರು. ಅವರು ಅಕ್ಕನನ್ನು ಪೆದ್ದಮ್ಮಾಯಿ, ನನ್ನನ್ನು ಚಿನ್ನಮ್ಮಾಯಿ ಎಂದು ಕರೆಯುತ್ತಿದ್ದರು, ದೊಡ್ಡ ಹುಡುಗಿ ಚಿಕ್ಕ ಹುಡುಗಿ ಎಂದು. ಬೈಯುವ ಮನುಷ್ಯರಲ್ಲ. ಆದರೂ ಮೆಟ್ಟಿಲ ಮೇಲೆ ಅವರ ಚಪ್ಪಲಿ ಸದ್ದು ಕೇಳಿದರೆ ನನ್ನ ಬೆರಳು ತಪ್ಪು ಕೀಲಿಗೆ ಹೋಗುತ್ತಿತ್ತು. ಆ ಕೆಲಸ ಹೋದರೆ ಬಾಡಿಗೆ ರೂಮು ಹೋಗುತ್ತದೆ, ಅಮ್ಮನ ಔಷಧಿ ಹೋಗುತ್ತದೆ. ಹಗಲೆಲ್ಲ ನನ್ನ ತಲೆಯಲ್ಲಿ ಅದೇ.

ಭಾನುವಾರ ಅಕ್ಕ ತಲೆಸ್ನಾನ ಮಾಡಿ, ಒದ್ದೆ ಕೂದಲಿಗೆ ತುದಿಗಂಟು ಹಾಕಿಕೊಂಡು ಹೊರಟುಬಿಡುತ್ತಿದ್ದಳು. “ಟೈಲರ್ ಹತ್ರ ಹೋಗ್ಬತ್ತೀನಿ,” ಅನ್ನುತ್ತಿದ್ದಳು. ಎರಡು ಗಂಟೆ ಬರುತ್ತಿರಲಿಲ್ಲ. ಅಷ್ಟು ಬಟ್ಟೆ ನಮ್ಮಲ್ಲಿ ಎಲ್ಲಿತ್ತು? ನಾನು ಬೇರೆ ಏನೇನೋ ಕಲ್ಪಿಸಿಕೊಂಡು ಹೆದರುತ್ತಿದ್ದೆ. ಕೇಳಲಿಲ್ಲ.

ಒಂದು ಬುಧವಾರ ನನ್ನ ಪಾಲಿಗೆ ಬಂದ ಪಟ್ಟಿಯಲ್ಲಿ ಒಂದು ಹೊಸ ಕನ್ನಡ ಪುಟವಿತ್ತು. ತೆರೆದೆ. ಬರೆದವರ ಹೆಸರಿರಲಿಲ್ಲ. ಹೀಗೆ ಶುರುವಾಗಿತ್ತು: “ನಮ್ಮ ಆಫೀಸಿನಲ್ಲಿ ಗಂಡಸರಿಗೆ ಒಂದೊಂದು ಲೋಟ ಟೀ, ಹೆಂಗಸರಿಗೆ ಬೈಟು. ಹೆಂಗಸರು ಅರ್ಧ ಲೋಟವೇ ಕುಡಿಯುತ್ತಾರೆ ಎಂದು ಅಳೆದವರು ಯಾರೋ ಗೊತ್ತಿಲ್ಲ. ಸಂಬಳವನ್ನೂ ಅವರೇ ಅಳೆದಿರಬೇಕು.”

ನಮ್ಮ ನಾಲ್ವರಿಗೆ ಎರಡೇ ಟೀ ಬರುತ್ತಿತ್ತು. ನಾನೂ ಅಕ್ಕನೂ ದಿನಾ ಒಂದನ್ನು ಹಂಚಿಕೊಳ್ಳುತ್ತಿದ್ದೆವು. ಹಂಚಿಕೊಳ್ಳುವುದು ಅಕ್ಕತಂಗಿಯರ ಪ್ರೀತಿ ಎಂದೇ ನಾನು ಅಷ್ಟು ದಿನ ಎಣಿಸಿದ್ದೆ.

ಪುಟದಲ್ಲಿ ಇನ್ನೂ ಕೆಳಗೆ ಓದುತ್ತ ಹೋದೆ. ಬೀಜದ ಅಂಗಡಿಯ ವಾಸನೆ ಮೇಲಕ್ಕೆ ಬರುವುದನ್ನೂ ಬರೆದಿತ್ತು. “ನಾನು ಕೆಲಸ ಕಲಿಸಿದ ಹುಡುಗ ನನಗಿಂತ ಹೆಚ್ಚು ಪಡೆಯುತ್ತಾನೆ. ಹುಡುಗ ಒಳ್ಳೆಯವನು, ತಪ್ಪು ಅವನದಲ್ಲ,” ಎಂದಿತ್ತು. ಒಂದೇ ಪಾತ್ರೆಯಲ್ಲಿ ಉಣ್ಣುವ ಮಾತೂ ಇತ್ತು. ಇದು ಅಕ್ಕನದೇ, ಭಾನುವಾರ ಅವಳು ಹೋಗುತ್ತಿದ್ದುದು ಇಂಟರ್ನೆಟ್ ಅಂಗಡಿಗೆ ಎಂದು ಹೊಳೆಯಿತು. ಪಕ್ಕದ ಕುರ್ಚಿಯಲ್ಲಿ ಅಕ್ಕ ಯಾವುದೋ ತೆಲುಗು ಪುಟ ನೋಡುತ್ತ ಕುಳಿತಿದ್ದಳು. ಯಜಮಾನರಿಗೆ ಕನ್ನಡ ಅಕ್ಷರ ಬಾರದು ಎಂಬ ಧೈರ್ಯದಿಂದ ಅವಳು ಕನ್ನಡದಲ್ಲಿ ಬರೆದಿದ್ದಳು. ಆದರೆ ಆ ಆಫೀಸಿನಲ್ಲಿ ಕನ್ನಡ ಬರೆಯಬಲ್ಲವರು ಇಬ್ಬರೇ. ಪುಟದಲ್ಲಿ ಏನಿದೆ ಎಂದು ಯಜಮಾನರಿಗೆ ಗೊತ್ತಾದರೆ ಯಾರು ಬರೆದರು ಎಂದು ಹುಡುಕುವ ಕಷ್ಟವೇ ಇಲ್ಲ.

ಅಡುಗೆ ಪುಟ ಎಂದು ಸುಳ್ಳು ಸಾಲು ಬರೆಯಬಹುದಿತ್ತು. ಹಾಗೆ ಬರೆದರೆ ಜಾಹೀರಾತು ಹಾಕುವ ಮುಂಚೆ ಬೆಂಗಳೂರಿನವರು ತೆರೆದು ನೋಡುತ್ತಾರೆ. ‘ಬೇಡ’ ಎಂದು ಹಾಕಿದ ಪುಟಗಳನ್ನು ಮಾತ್ರ ಯಾರೂ ತಿರುಗಿ ನೋಡುವುದಿಲ್ಲ ಎಂದು ನಾನು ತಿಳಿದಿದ್ದೆ. ‘ಬೇಡ’ ಎಂದು ಹಾಕಿ ಮುಚ್ಚಿದೆ. ಅಕ್ಕನಿಗೆ ಹೇಳಲಿಲ್ಲ. ಹೇಳಿದರೆ ಅವಳು ಅದನ್ನು ತೆಗೆಯುವುದಿಲ್ಲ, ಜಗಳ ಮಾಡುತ್ತಾಳೆ, ಯಾರಾದರೂ ಕೇಳಿಸಿಕೊಳ್ಳುತ್ತಾರೆ ಎಂದು ಹೆದರಿದೆ.

ನಮ್ಮ ಆಫೀಸಿನಲ್ಲಿ ‘ಬೇಡ’ಗಳು ಜಾಸ್ತಿಯಾಗಿವೆ ಎಂದು ಬೆಂಗಳೂರಿನಿಂದ ಆಗಲೇ ದೂರು ಬಂದಿತ್ತಂತೆ. ಇನ್ನು ಮುಂದೆ ಪ್ರತಿ ಶನಿವಾರ ಆ ಪಟ್ಟಿಯನ್ನು ತಾವೇ ನೋಡುವುದಾಗಿ ಯಜಮಾನರು ಎಲ್ಲರಿಗೂ ಹೇಳಿದ್ದರು. ಅವರು ಹೇಳಿದ ದಿನ ನಾನು ಅಮ್ಮನನ್ನು ನೋಡಲು ಕಲ್ಯಾಣದುರ್ಗಕ್ಕೆ ಹೋಗಿದ್ದೆ.

ಶನಿವಾರ ಊಟದ ಹೊತ್ತಿಗೆ ಮುಂಚೆ ಅವರು ಕುರ್ಚಿ ಎಳೆದುಕೊಂಡು ನಡುವಿನ ಕಂಪ್ಯೂಟರ್ ಮುಂದೆ ಕೂತರು. ಅಕ್ಕ ಕಲಿಸಿದ ಹುಡುಗ ಪಟ್ಟಿ ತೆರೆದುಕೊಟ್ಟು, “ಏನಕ್ಕಾ, ಚಿಕ್ಕಕ್ಕ ಬರೀ ಬೇಡ ಬೇಡ ಅಂತ ಹಾಕ್ಬುಟ್ಟವ್ಳೆ! ಗಂಡು ನೋಡಕ್ ಕೂತಂಗೈತೆ!” ಅಂದ. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು.

“ಇದೇನ್ ಕನ್ನಡದ್ದು?” ಅಂದರು ಯಜಮಾನರು. ನಾನು ನೋಡಿದೆ. ಅದೇ. “ಚಿನ್ನಮ್ಮಾಯ್, ಇಲ್ ಬಾ. ಚದುವು. ಏನ್ ಬರ್ದವ್ರೆ ಓದಿ ಹೇಳು. ಯಾಕ್ ಬೇಡ ಅಂದೆ ಅಂತ ಗೊತ್ತಾಗ್ಲಿ.”

ಅವರ ಕುರ್ಚಿಯ ಹಿಂದೆ ಹೋಗಿ ನಿಂತೆ. ಅಕ್ಕ ತನ್ನ ಜಾಗದಿಂದ ಕತ್ತು ಚಾಚಿ ಪರದೆಯನ್ನು ನೋಡಿದ್ದು ಕಂಡಿತು. ಅವಳ ಮುಖದಲ್ಲಿ ಏನಿತ್ತು ಎಂದು ಆಗ ಅರ್ಥ ಮಾಡಿಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅದು ಭಯ ಎಂದುಕೊಂಡೆ, ನನ್ನಲ್ಲಿದ್ದುದು ಭಯವಾದ್ದರಿಂದ. ಮೊದಲ ಪದ ‘ನಮ್ಮ’. ಅದನ್ನು ಓದಿದೆ. ಆಮೇಲೆ ಕಣ್ಣು ಅಕ್ಕನ ಸಾಲುಗಳ ಮೇಲೆಯೇ ಇತ್ತು, ಬಾಯಿ ಬೇರೆ ಹೇಳಿತು.

“ನಮ್ಮ ಮನೆಯಲ್ಲಿ ಕಡಲೆಕಾಯಿ ಚಟ್ನಿ ಮಾಡುವ ವಿಧಾನ. ಕಡಲೆಕಾಯಿ ಬೀಜವನ್ನು ಹದವಾಗಿ ಹುರಿದು ಸಿಪ್ಪೆ ತೆಗೆಯಬೇಕು. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು...”

ಸಾಲು ಮುಗಿದ ಕಡೆ ನಿಲ್ಲಿಸಬೇಕು, ಕಣ್ಣು ಎಡದಿಂದ ಬಲಕ್ಕೆ ಹೋಗಬೇಕು ಎಂಬ ಎಚ್ಚರವೂ ಬೇಕಿತ್ತು. ಯಜಮಾನರಿಗೆ ಅಕ್ಷರ ಬಾರದಿದ್ದರೂ ಒಂದೆರಡು ತೆಲುಗಿನ ಹಾಗೇ ಕಾಣುತ್ತವೆ. ಅವರು ಬೆರಳಿಟ್ಟು ಇದೇನು ಎಂದು ಕೇಳಿದರೆ ಮುಗಿಯಿತು. ಅವರು ಬೆರಳು ಎತ್ತಿದರು. ಮೂಗು ಉಜ್ಜಿಕೊಂಡರು.

“ಮಂಚಿದೇ ಕದಾ! ಚೆನ್ನಾಗೇ ಐತಲ್ಲಮ್ಮಾ ಇದು! ಬೇಡ ಯಾಕಂದೆ?”

“ಒಂದೇ ಚಟ್ನಿ ಇತ್ತು ಸಾರ್.”

“ಒಂದ್ ಚಟ್ನಿ ಬರ್ದೋಳು ನಾಳೆ ಹತ್ ಬರೀತಾಳೆ. ಕುಕ್ಕರ್ ಕಂಪನಿಗೆ ಹಾಕು. ಆಯಮ್ಮಂಗೆ ಲೆಟರ್ ಕಳ್ಸು.”

ಹೀಗೆ ನಾನು ನನ್ನ ಅಕ್ಕನಿಗೆ, ಎರಡು ಅಡಿ ದೂರದಲ್ಲಿ ಕೂತವಳಿಗೆ, ಮಾನ್ಯರೇ ಎಂದು ಪತ್ರ ಕಳಿಸಿದೆ. ಮಂಗಳವಾರ ಉತ್ತರ ಬಂದಿತ್ತು, ಒಂದೇ ಸಾಲು. “ಗಂಡಸರ ಪುಟಕ್ಕೂ ಹೆಂಗಸರ ಪುಟಕ್ಕೂ ನಿಮ್ಮಲ್ಲಿ ಒಂದೇ ದರವೇ?” ಇಂಥ ಪ್ರಶ್ನೆಗಳಿಗೆ ಕಂಪನಿಯ ಉತ್ತರ ನಮಗೆ ಗೊತ್ತಿತ್ತು. ಎಷ್ಟು ಜನ ಓದುತ್ತಾರೆ ಎಂಬುದಷ್ಟೇ ಲೆಕ್ಕ. ನಾನು ಟೈಪ್ ಮಾಡಿದೆ: “ಹೌದು ಮಾನ್ಯರೇ. ದರದಲ್ಲಿ ಯಾವ ವ್ಯತ್ಯಾಸವೂ ಇಲ್ಲ.” ಅಕ್ಕ ತಿರುಗಿ ನೋಡಲಿಲ್ಲ. ಜಾಹೀರಾತು ಹಾಕಿಸಿಕೊಳ್ಳಲು ಹೆಸರು, ಬ್ಯಾಂಕಿನ ವಿವರ ತುಂಬಿ ಕಳಿಸಬೇಕಿತ್ತು. ಅವಳು ಕಳಿಸಲಿಲ್ಲ, ಬೆಂಗಳೂರಿನವರು ಪುಟ ತೆರೆದು ನೋಡುವವರೆಗೂ ಹೋಗಲಿಲ್ಲ. ಕುಕ್ಕರ್ ಕಂಪನಿ ಬೇರೆ ಪುಟ ನೋಡಿಕೊಂಡಿತು.

ಅವಳು ಆ ವಿಷಯ ಎತ್ತಿದ್ದು ಮುಂದಿನ ಭಾನುವಾರ, ನಾವು ಬಟ್ಟೆ ಒಗೆಯುತ್ತಿದ್ದಾಗ.

“ಉಪ್ಪೇ ಹಾಕ್ಲಿಲ್ಲ ಕಣೆ ನೀನು,” ಅಂದಳು.

“ಎಲ್ಲಿಗೆ?”

“ಚಟ್ನಿಗೆ. ಎಲ್ಲಾ ಹಾಕ್ದೆ, ಉಪ್ ಮರ್ತ್ಬುಟ್ಟೆ. ಆವಯ್ಯನೂ ಕೇಳ್ಲಿಲ್ಲ. ಅಡ್ಗೆಮನೆ ಹೊಸ್ಲು ತುಳ್ದಿದ್ರೆ ತಾನೆ?”

ಇಬ್ಬರೂ ನಗತೊಡಗಿದೆವು. ನನಗೆ ನಗುತ್ತ ನಗುತ್ತ ಅಳು ಬಂತು, ಅಷ್ಟು ದಿನದ ಬಿಗಿ ಸಡಿಲವಾಗಿ. “ಕೆಲ್ಸ ಹೋಗ್ಬುಡ್ತಿತ್ತು ಕಣಕ್ಕಾ,” ಅಂದೆ.

“ಹೋಗ್ತಿತ್ತು,” ಅಂದಳು. ಸೀರೆಯನ್ನು ಹಿಂಡಿ ಹಗ್ಗಕ್ಕೆ ಹಾಕಿದಳು. “ಆದ್ರೆ ಅವ್ನು ಒಂದ್ ಸಲ ಕೇಳಿಸ್ಕಂಬೇಕಿತ್ತು ಕಣೆ. ನಾನ್ ಕೇಳಿದ್ರೆ ನಗ್ತಾನೆ. ಬರ್ದಿದ್ದನ್ನ ಓದಿದ್ರೆ ನಗಕ್ಕಾಗಲ್ಲ. ಓದು ಅಂತ ಅವ್ನೇ ಅಂದ. ನೀನ್ ಓದ್ತೀಯ ಅಂತ ಕಾದಿದ್ದೆ.”

ನಾನು ಬಕೆಟ್ಟಿನ ನೀರು ಚೆಲ್ಲಿದೆ.

“ಬೇಡ ಅಂತ ಹಾಕಿದ್ದೂ ನೀನೇ ಅಲ್ವಾ?”

“ಹೂಂ.”

“ಬೇಡ ಅನ್ನಿಸ್ತಾ ನಿಂಗೆ?”

ಆ ಪ್ರಶ್ನೆಗೆ ಉತ್ತರ ಹೇಳಲು ನನಗೆ ಮೂರು ತಿಂಗಳು ಸಮಯವಿತ್ತು. ಹೇಳಲಿಲ್ಲ. ಅವಳು ಮತ್ತೆ ಏನೂ ಬರೆಯಲಿಲ್ಲ. ಭಾನುವಾರ ಮನೆಯಲ್ಲೇ ಇರುತ್ತಿದ್ದಳು. ಅವಳು ಮನೆಯಲ್ಲಿರುತ್ತಾಳಲ್ಲ ಎಂದು ನಾನು ನೆಮ್ಮದಿಯಾಗಿದ್ದೆ ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ.

ಜ್ವರ ಎಂದು ಶುರುವಾಯಿತು. ಕಾಮಾಲೆ ಎಂದು ಗೊತ್ತಾಗುವ ಹೊತ್ತಿಗೆ ಕಣ್ಣು ಹಳದಿಯಾಗಿತ್ತು. ಕಲ್ಯಾಣದುರ್ಗಕ್ಕೆ ಕರೆದುಕೊಂಡು ಹೋದೆ. ಬಸ್ಸು ಸೋಮಂದೇಪಲ್ಲಿ ದಾಟುವವರೆಗೆ ಅವಳು ನನ್ನ ಹೆಗಲಿಗೆ ಒರಗಿ ನಿದ್ದೆ ಮಾಡಿದಳು. ಆಮೇಲೆ ಎಚ್ಚರವಾಗಿ ಕಿಟಕಿಯಾಚೆ ನೋಡುತ್ತಿದ್ದಳು. ಆಗಲಾದರೂ ಹೇಳಬಹುದಿತ್ತು. ಜ್ವರದವಳ ಹತ್ತಿರ ಎಂಥ ಮಾತು, ವಾಸಿಯಾಗಲಿ ಎಂದುಕೊಂಡೆ. ಹನ್ನೆರಡನೆಯ ದಿನ ಹೋಗಿಬಿಟ್ಟಳು.

ಕಾರ್ಯ ಮುಗಿದ ಮೇಲೆ ಅವಳ ಕಡೆಯ ತಿಂಗಳ ಸಂಬಳ ತರಲು ಆಫೀಸಿಗೆ ಹೋದೆ. ಯಜಮಾನರು ಎದ್ದು ನಿಂತು, “ಪಾಪ, ಎಂಥ ಹುಡ್ಗಿ,” ಅಂದರು. ನಿಜವಾಗಿಯೂ ಅವರ ಕಣ್ಣು ಒದ್ದೆಯಾಗಿತ್ತು. ಕವರ್ ಕೊಟ್ಟರು. ನಾನು ಕೇಳಬೇಕೆಂದು ಮೆಟ್ಟಿಲು ಹತ್ತಿರಲಿಲ್ಲ. ಆದರೆ ಅವಳ ಕುರ್ಚಿ ಕಣ್ಣಿಗೆ ಬಿತ್ತು. ಅದರ ಮೇಲೆ ಯಾರೋ ಹಳೆಯ ಪೇಪರ್ ಕಟ್ಟು ಇಟ್ಟಿದ್ದರು.

“ಸಾರ್, ಅಕ್ಕಂದು ಹುಡುಗ್ರ ಲೆಕ್ಕದಾಗೆ ಕೊಡಿ.”

ಅವರು ನನ್ನನ್ನೇ ನೋಡಿದರು. ಅಕ್ಕನನ್ನು ನೋಡಿ ನಕ್ಕ ಹಾಗೆ ನಗಲಿಲ್ಲ. ಜೇಬಿಗೆ ಕೈಹಾಕಿ ಕಡಿಮೆ ಬಿದ್ದದ್ದನ್ನು ಸೇರಿಸಿ, “ಸರ್ಲೇ. ಹೋದವ್ಳ ಹೆಸ್ರಲ್ಲಿ ಒಂದ್ ಪುಣ್ಯ ಅಂದ್ಕೋತೀನಿ,” ಅಂದರು. ನಾನು ನಮಸ್ಕಾರ ಮಾಡಿ ಇಳಿದುಬಂದೆ. ಕೆಳಗೆ ಬಂದ ಮೇಲೆ ನಮಸ್ಕಾರ ಮಾಡಿದ್ದಕ್ಕೆ ನನ್ನ ಮೇಲೆ ಸಿಟ್ಟು ಬಂತು.

ಕಲ್ಯಾಣದುರ್ಗದಲ್ಲಿ ಅಮ್ಮ ಕವರ್ ತೆರೆದು, “ಇದೇನೆ, ಜಾಸ್ತಿ ಕೊಟ್ಬುಟ್ಟವ್ರೆ. ತಪ್ಪಾಗಿ ಕೊಟ್ರಾ? ನೋಡು, ಆಮೇಲ್ ಬಂದು ಕೇಳಿಯಾರು,” ಅಂದಳು. ಅಮ್ಮನ ಭಯ ನನ್ನದೇ, ನಾನು ಅವಳಿಂದ ತಂದುಕೊಂಡದ್ದು.

“ತಪ್ಪೇನಿಲ್ಲ ಕಣಮ್ಮ. ಅವ್ಳ ಸಂಬಳ ಅಷ್ಟೇ.”

ಅಮ್ಮ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಮತ್ತೊಮ್ಮೆ ಎಣಿಸಿದಳು. ಆಮೇಲೆ, “ಹಂಗಾದ್ರೆ ನಿಂದೆಷ್ಟು?” ಅಂತ ಕೇಳಿದಳು.

ಸೋಮವಾರ ಕೆಲಸಕ್ಕೆ ಹೋದವಳು ಕಂಪ್ಯೂಟರ್ ಹಾಕದೆ ಯಜಮಾನರ ಮೇಜಿನ ಮುಂದೆ ಹೋಗಿ ನಿಂತೆ. ನನಗೂ ಹುಡುಗರ ಹಾಗೇ ಕೊಡಿ ಅಂದೆ.

“ಅದು ಸಾವಾದ ಮನೆ ಅಂತ ಕೊಟ್ಟಿದ್ದು ಕಣಮ್ಮಾ,” ಅಂದರು.

“ಸಾಯೋದಕ್ಕೆ ಮುಂಚೆ ಅವ್ಳು ಏನ್ ಕಮ್ಮಿ ಕೆಲ್ಸ ಮಾಡಿದ್ಲು ಸಾರ್?”

ಹಿಂದೆ ಕೀಲಿಗಳ ಸದ್ದು ಒಂದೊಂದಾಗಿ ನಿಂತಿತು. ಯಜಮಾನರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು. ಅವರು ಉತ್ತರ ಹೇಳುವವರೆಗೂ ನಾನು ಅಲ್ಲಿಂದ ಕದಲಲಿಲ್ಲ.