ಎರಡನೇ ಭಾಗದಲ್ಲಿ ತಾಯಿ ಇಲ್ಲ

ಖಂಪುನ್ ಊರೂರಿಗೆ ಹೋಗಿ ಪರದೆ ಕಟ್ಟಿ ಸಿನಿಮಾ ತೋರಿಸುವವನು. ಇಸಾನ್ ಸೀಮೆಯಲ್ಲಿ ಯಾರ ಹರಕೆ ಫಲಿಸಿದರೂ ಕಾಡಂಚಿನ ಅಜ್ಜದೈವದ ಗುಡಿ ಮುಂದೆ ಅವನ ವ್ಯಾನು ಬಂದು ನಿಲ್ಲಬೇಕು. ನೋಡುವುದು ಮೊದಲು ದೈವ, ಆಮೇಲೆ ಜನ.

ಹಳೇ ರೀಲುಗಳಲ್ಲಿ ಮಾತು ಇರುತ್ತಿರಲಿಲ್ಲ. ಮೈಕು ಹಿಡಿದು ಗಂಡಸರ ಮಾತೆಲ್ಲ ಖಂಪುನ್ ಆಡುತ್ತಿದ್ದ. ಹೆಂಗಸರದೂ ಮಕ್ಕಳದೂ ಅವನ ಹೆಂಡತಿ ಲಮ್‌ದುವಾನ್. ಪರದೆ ಮೇಲೆ ಯಾವಳೇ ಅತ್ತರೂ ಊರಿಗೆ ಕೇಳುತ್ತಿದ್ದದ್ದು ಇವಳ ಅಳು. ಅವಳು ತೀರಿಕೊಂಡ ಮೇಲೆ ಅವನು ಮೈಕು ಮುಟ್ಟಲಿಲ್ಲ. ಮಾತು ತುಂಬಿಕೊಂಡೇ ಬರುವ ಹೊಸ ಸಿನಿಮಾ ಹಾಕುವುದು, ಗಾಡಿಗೆ ಒರಗಿ ಕಣ್ಣು ಮುಚ್ಚುವುದು, ಅಷ್ಟೇ. ನಿದ್ದೆ ಮಾಡಿದರೆ ಹೋಗುವ ದಣಿವಲ್ಲ ಅದು.

ಆ ಸಂಜೆಯ ಹರಕೆ ಸೀನುವಾನ್‌ಳದು. ಮಗ ಡೆಂಗಿ ಜ್ವರದಲ್ಲಿ ಮಲಗಿದಾಗ, "ಅಜ್ಜಾ, ಉಳಿಸಿಕೊಡು, ನಾನು ಚಿಕ್ಕವಳಿದ್ದಾಗ ನೋಡಿದ ಆ ಆನೆ ಸಂಸಾರದ ಸಿನಿಮಾ ತೋರಿಸ್ತೀನಿ" ಅಂದಿದ್ದಳು. ಮಗ ಉಳಿದ. ಖಂಪುನ್ ಹಾಕಿದ್ದು ಅದರ ಎರಡನೇ ಭಾಗ. ಅದೇ ಆನೆ, ಅದೇ ಅಪ್ಪ, ಅದೇ ಮಕ್ಕಳು. ಇನ್ನೇನು ಬೇಕು?

ಸ್ವಲ್ಪ ಹೊತ್ತಿಗೇ ಸೀನುವಾನ್ ಚಾಪೆ ಬಿಟ್ಟು ಎದ್ದು ಬಂದಳು.

"ಅಣ್ಣಾ, ತಾಯಿ ಎಲ್ಲಿ?"

"ಪಟ್ಟಣಕ್ಕೆ ಹೋಗಿದ್ದಾಳೆ. ಸಿನಿಮಾದಲ್ಲೇ ಹೇಳಿದ್ರಲ್ಲ ಆಗಲೇ."

"ಮೊದಲನೇದ್ರಲ್ಲಿ ಹೊಳೆ ದಾಟಿ ಮಗನ ಹತ್ರ ಓಡಿಬಂದೋಳು ಇದ್ರಲ್ಲಿ ಪಟ್ಟಣಕ್ಕೆ ಹೋಗಿ ಕೂತಳಾ? ಒಂದೇ ಮಾತಲ್ಲಿ ಮುಗಿಸಿಬಿಟ್ರಾ?"

ಗುಡಿಯ ಪೂಜಾರಿ, ಮುದುಕ ಲುವಾನ್, ನೈವೇದ್ಯದ ಕೋಳಿ ಕಾಯುತ್ತಾ ಕೂತಿದ್ದವನು ನಕ್ಕ. "ಆನೆ ಕುಣೀತಾ ಇದೆ ನೋಡೇ. ಯಾಕೆ ಕುಣೀತೀನಿ ಅಂತ ಪಾಪ ಅದಕ್ಕೂ ಗೊತ್ತಿಲ್ಲ."

"ನಾನು ಬಾಯಿಬಿಟ್ಟು ಹೇಳಿದ್ದು ಆ ಸಿನಿಮಾ," ಅಂದಳು ಸೀನುವಾನ್, ಖಂಪುನ್ ಕಡೆ ತಿರುಗಿ. "ಬೇರೆ ತೋರಿಸಿ ಅಜ್ಜನಿಗೆ ಮೋಸ ಮಾಡ್ಲಾ? ಜ್ವರ ಮತ್ತೆ ಬಂದ್ರೆ ಮಗನ ತಲೆಗೆ ಒದ್ದೆಬಟ್ಟೆ ಹಾಕೋಕೆ ನೀನು ಬರ್ತೀಯಾ?"

"ಆ ರೀಲಿಗೆ ಮಾತಿಲ್ಲ ಕಣೇ!"

"ನಿನಗೆ ಬಾಯಿಲ್ವಾ?"

ಖಂಪುನ್‌ಗೆ ರೇಗಿತು. ಆದರೆ ಪರದೆ ಕಡೆ ತಿರುಗಿದಾಗ ಆ ಬಡ್ಡೀಮಕ್ಕಳ ಆನೆ ಇನ್ನೂ ಕುಣಿಯುತ್ತಲೇ ಇತ್ತು. ಅಪ್ಪ ನಗುತ್ತಿದ್ದ, ಮಕ್ಕಳು ನಗುತ್ತಿದ್ದರು. ಮನೆಯಾಕೆ ಇಲ್ಲ ಅನ್ನುವುದು ಒಬ್ಬರ ಮುಖದಲ್ಲೂ ಇರಲಿಲ್ಲ. ಒಂದು ತಟ್ಟೆ ಕಮ್ಮಿಯಾದರೂ ಗೊತ್ತಾಗುತ್ತದೆ ಮನೆಯಲ್ಲಿ. ಅವನು ಯಂತ್ರ ನಿಲ್ಲಿಸಿ, ವ್ಯಾನಿನ ಮೂಲೆಯಿಂದ ಮೊದಲನೇ ಭಾಗದ ಡಬ್ಬಿ ಎಳೆದ.

ರೀಲು ಬಣ್ಣ ಹೋಗಿ ಕೆಂಪಾಗಿತ್ತು. ಅಪ್ಪನ ಮಾತು ಬಂದಾಗ ಮೈಕು ಹಿಡಿದು ಆಡಿದ. ಗಂಟಲು ಗರಗರ ಅಂದಿತು. ತಾಯಿಯ ಬಾಯಿ ಆಡಿದಾಗ ಸುಮ್ಮನಾದ.

"ಅವಳ ಮಾತು?" ಸೀನುವಾನ್ ಕೂಗಿದಳು.

"ನಾನೇನು ಹೆಂಗಸಾ?"

"ಕೊಡಿಲ್ಲಿ!" ಅಂತ ಬಂದು ಲಮ್‌ದುವಾನ್ ಹಿಡಿಯುತ್ತಿದ್ದ ಇನ್ನೊಂದು ಮೈಕು ಎತ್ತಿಕೊಂಡಳು.

ನೆನಪಿದ್ದಷ್ಟು ಆಡಿದಳು, ಮರೆತಲ್ಲಿ ತಡವರಿಸಿದಳು. ತಾಯಿ ಹೊಳೆ ದಾಟಿ ಬಂದು ಮಲಗಿದ ಮಗನ ಮುಂದೆ ನಿಂತಾಗ ಮಾತು ಪೂರ್ತಿ ಮರೆತೇಹೋಯಿತು. ಚಾಪೆ ಮೇಲೆ ಅವಳ ಮಗ ಬಾಯಿ ತೆರೆದು ನಿದ್ದೆಹೋಗಿದ್ದ. ಅವನನ್ನೇ ನೋಡುತ್ತಾ ಅಂದಳು: "ಏಳೋ, ಗಂಜಿ ಆರ್ತಾ ಇದೆ. ಇನ್ನೊಂದ್ಸಲ ಹಾಗೆ ಮಲಗಿ ನನ್ನ ಹೆದರಿಸಿದ್ರೆ ಕಾಲು ಮುರೀತೀನಿ."

ಜನ ನಗಲಿಲ್ಲ. ಈಗ ಅಪ್ಪನ ಸರದಿ. 'ಯಾಕೆ ಬಂದೆ?' ಅನ್ನಬೇಕಿತ್ತು. ಲಮ್‌ದುವಾನ್ ಎದುರಿಗೆ ಎಷ್ಟೋ ಸಲ ಗದರಿ ಆಡಿದ್ದ ಮಾತು. ಇವತ್ತು ಬಾಯಿಗೆ ಬರಲಿಲ್ಲ.

"ಬಂದ್ಯಾ?" ಅಂದ ಖಂಪುನ್. "ಕೂತ್ಕೋ. ಸುಸ್ತಾಗಿದೀಯ."

ಲುವಾನ್ ನೈವೇದ್ಯದ ಕೋಳಿಯ ದವಡೆ ಎಲುಬು ಬಿಡಿಸಿ, ಶಕುನ ನೋಡಲು ಬೆಳಕಿಗೆ ಹಿಡಿದ. ಎರಡು ಕವಲೂ ನೆಟ್ಟಗಿದ್ದವು. "ಅಜ್ಜ ಒಪ್ಪಿದ ಕಣಮ್ಮಾ, ಹರಕೆ ತೀರಿತು! ಸಾಕು ನಿಲ್ಲಿಸೋ, ಗಂಟಲು ಹರಿದುಹೋಗುತ್ತೆ."

"ಸುಮ್ನಿರು ಮಾವ," ಅಂದ ಖಂಪುನ್, ಮೈಕು ಬಿಡದೆ. "ಅವಳು ಈಗಷ್ಟೇ ಬಂದಿದಾಳೆ."